ಸುತ್ತಿಕೊಂಡ ಬೇರಿಗೆ ಕತ್ತರಿ ಹಾಕಿ: ಮೆಣಸಿನ ಬೆಳೆಗಾರರಿಗೂ ನರ್ಸರಿಯವರಿಗೂ ಒಂದು ಬಹಿರಂಗ ಪತ್ರ

ಮಲೆನಾಡು, ಕೊಡಗು ಮತ್ತು ಕರಾವಳಿಯ ಮೆಣಸಿನ ಬೆಳೆಗಾರ ಬಂಧುಗಳಿಗೆ, ಸಸಿ ಬೆಳೆಸಿ ಮಾರುವ ನರ್ಸರಿ ಮಿತ್ರರಿಗೆ,

ಮುಂಗಾರಿಗೆ ಇನ್ನೂ ಕೆಲವು ವಾರಗಳಿವೆ. ಗುಂಡಿ ತೆಗೆಸುವವರು ತೆಗೆಸುತ್ತಿದ್ದಾರೆ, ಸಸಿಗೆ ಮುಂಗಡ ಕೊಡುವವರು ಕೊಡುತ್ತಿದ್ದಾರೆ. ಇದೇ ಹೊತ್ತಿಗೆ ನರ್ಸರಿಗಳ ಮೂಲೆಯಲ್ಲಿ, ತೋಟದ ಮನೆಗಳ ಹಿತ್ತಿಲಲ್ಲಿ ಹೋದ ವರ್ಷದ ಸಸಿಗಳೂ ಉಳಿದುಕೊಂಡಿರುತ್ತವೆ. ಧಾರಣೆ ಇಳಿದದ್ದಕ್ಕೋ, ಆಳು ಸಿಗದ್ದಕ್ಕೋ, ಮಳೆ ಒಮ್ಮೆಲೇ ಜೋರಾದದ್ದಕ್ಕೋ ನೆಲ ಸೇರದೆ ಉಳಿದವು ಅವು. ಬಳ್ಳಿ ಮಾರುದ್ದ ಬೆಳೆದಿರುತ್ತದೆ, ಎಲೆ ಕಪ್ಪು ಹಸಿರಾಗಿರುತ್ತದೆ, ನೋಡಿದವರು ‘ಒಳ್ಳೇ ಬಲಿತ ಸಸಿ’ ಎಂದು ಮೊದಲು ಅವುಗಳಿಗೇ ಕೈ ಹಾಕುತ್ತಾರೆ. ಈ ಪತ್ರ ಅಂಥ ಸಸಿಗಳ ಬಗ್ಗೆ. ನಾನು ಹೇಳಬೇಕಾದದ್ದು ಒಂದೇ ಮಾತು: ಪ್ಲಾಸ್ಟಿಕ್ ಕೊಟ್ಟೆಯೊಳಗೆ ಬೇರು ಸುತ್ತಿಕೊಂಡಿರುವ ಸಸಿಯನ್ನು ಹಾಗೆಯೇ ಗುಂಡಿಗೆ ಇಳಿಸಬೇಡಿ. ಸುತ್ತಿಕೊಂಡ ಬೇರನ್ನು ಕತ್ತರಿಸಿ, ಬಿಡಿಸಿ, ಆಮೇಲೆ ನೆಡಿ. ಸಾಧ್ಯವಾದರೆ ಈ ಕೆಲಸವನ್ನು ನಾಟಿಗೆ ತಿಂಗಳ ಮೊದಲೇ ಮುಗಿಸಿ. ಬೇರಿಗೆ ಕತ್ತಿ ತಾಗಿಸುವುದೆಂದರೆ ಗಿಡ ಕೊಂದಂತೆ ಎಂದು ನಂಬಿದವರಿಗೆ ಇದು ತಲೆಕೆಳಗಾದ ಸಲಹೆ ಅನ್ನಿಸಬಹುದು. ಆದರೆ ಮೆಣಸಿನ ಬಳ್ಳಿಯ ಹುಟ್ಟು ಹೇಗೆ, ಅದರ ಬೇರು ಕೆಲಸ ಮಾಡುವ ರೀತಿ ಹೇಗೆ ಎಂಬುದನ್ನು ನೋಡಿದರೆ, ಕತ್ತರಿಸದೆ ಬಿಡುವುದೇ ಹೆಚ್ಚು ಅಪಾಯದ ದಾರಿ ಎಂದು ಒಪ್ಪುತ್ತೀರಿ ಎಂಬ ಭರವಸೆ ನನಗಿದೆ.

ಮೊದಲು ಕೊಟ್ಟೆಯೊಳಗೆ ಏನಾಗುತ್ತದೆ ಎಂಬುದನ್ನು ನೋಡೋಣ. ಒಳ್ಳೆಯ ತಾಯಿಬಳ್ಳಿಯ ಬುಡದಿಂದ ಹೊರಡುವ ಹಬ್ಬುಬಳ್ಳಿಗಳನ್ನು ಮಣ್ಣಿಗೆ ತಾಗದ ಹಾಗೆ ಗೂಟಕ್ಕೆ ಸುತ್ತಿಟ್ಟು, ಫೆಬ್ರವರಿ–ಮಾರ್ಚ್‌ನಲ್ಲಿ ಕತ್ತರಿಸಿ, ಎರಡು ಮೂರು ಗೆಣ್ಣುಗಳ ತುಂಡು ಮಾಡಿ, ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರದ ಮಿಶ್ರಣ ತುಂಬಿದ ಕೊಟ್ಟೆಯಲ್ಲಿ ನೆಡುತ್ತೀರಿ. ನೆರಳು, ತೇವ ಸರಿಯಾಗಿದ್ದರೆ ಜೂನ್ ಹೊತ್ತಿಗೆ ಸಸಿ ನಾಟಿಗೆ ಸಿದ್ಧ. ಈ ಮೂರು ನಾಲ್ಕು ತಿಂಗಳ ಲೆಕ್ಕದ ಮೇಲೆಯೇ ಕೊಟ್ಟೆಯ ಗಾತ್ರವೂ ನಿಂತಿದೆ. ಆ ಅವಧಿಯಲ್ಲಿ ಗೆಣ್ಣಿನಿಂದ ಹೊರಟ ಬೇರುಗಳು ಪ್ಲಾಸ್ಟಿಕ್ ಗೋಡೆಯನ್ನು ಆಗಷ್ಟೇ ಮುಟ್ಟಿರುತ್ತವೆ. ಸಸಿ ಅಲ್ಲೇ ಉಳಿದರೆ ಬೇರು ನಿಲ್ಲುವುದಿಲ್ಲ. ಗೋಡೆ ತಾಗಿದ ತುದಿ ಪಕ್ಕಕ್ಕೆ ಹೊರಳುತ್ತದೆ, ಗೋಡೆಗುಂಟ ಇಳಿಯುತ್ತದೆ, ತಳ ಮುಟ್ಟಿ ಅಲ್ಲೇ ಸುತ್ತತೊಡಗುತ್ತದೆ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆದ ಕೊಟ್ಟೆಯನ್ನು ಸೀಳಿ ನೋಡಿ. ತಳದಲ್ಲಿ ಕೊಡ ಹೊರುವವರು ತಲೆಯ ಮೇಲಿಡುವ ಸಿಂಬೆಯಂತೆ ಕಂದು ಬಣ್ಣದ ಬೇರಿನ ಸುರುಳಿ ಕಾಣುತ್ತದೆ. ಪಕ್ಕಗಳಲ್ಲಿ ಪ್ಲಾಸ್ಟಿಕ್ಕಿನ ಮಡಿಕೆಗಳ ಅಚ್ಚು ಹೊತ್ತ ಬೇರಿನ ಜಾಲ. ಮಧ್ಯದ ಮಣ್ಣು ಮಾತ್ರ ಬಹುಪಾಲು ಖಾಲಿ, ಬೆರಳಿನಲ್ಲಿ ತಿಕ್ಕಿದರೆ ಸತ್ವ ಕಳೆದ ಮರಳು. ಸಕ್ರಿಯವಾದ ಬಿಳಿ ತುದಿಗಳನ್ನು ಹುಡುಕಿ ಎಣಿಸಬೇಕು. ತಳದ ತೂತಿನಿಂದ ಹೊರಬಿದ್ದವು ಕೆಲವು ಇದ್ದರೂ ಕೊಟ್ಟೆ ಎತ್ತುವಾಗ ಅವು ಹರಿದುಹೋಗಿರುತ್ತವೆ.

ಇದರಿಂದ ಏನು ತೊಂದರೆ? ನೀರು, ಪೋಷಕಾಂಶಗಳನ್ನು ಹೀರುವುದು ಬೇರಿನ ಉದ್ದಕ್ಕೂ ಒಂದೇ ರೀತಿಯಲ್ಲಿ ನಡೆಯುವುದಿಲ್ಲ. ಹೆಚ್ಚಿನ ಕೆಲಸ ಎಳೆಯ ತುದಿಯದು, ತುದಿಯ ಹಿಂದಿರುವ ಬೇರುರೋಮಗಳದು. ಬಲಿತು ಕಂದಾದ ಬೇರಿನ ಹೊರಪದರದಲ್ಲಿ ನೀರು ಒಳಬಿಡದ ಮೇಣದಂಥ ವಸ್ತು ಸೇರಿಕೊಳ್ಳುತ್ತದೆ. ಅಂಥ ಬೇರು ನೀರು ಸಾಗಿಸುವ ಕೊಳವೆಯಾಗಿ ದುಡಿಯುತ್ತದೆಯೇ ಹೊರತು ಹೀರುವ ಬಾಯಾಗಿ ಅಷ್ಟಾಗಿ ದುಡಿಯುವುದಿಲ್ಲ. ಸುತ್ತಿಕೊಂಡ ಸಸಿಯಲ್ಲಿ ಕೊಳವೆ ಬೇಕಾದಷ್ಟಿದೆ, ಬಾಯಿ ಕಡಿಮೆ. ಅದನ್ನು ಹಾಗೆಯೇ ನೆಟ್ಟರೆ ಬಲಿತ ಸುರುಳಿ ನೆಟ್ಟಗಾಗುವುದಿಲ್ಲ. ಒಮ್ಮೆ ಬಾಗಿ ಗಟ್ಟಿಯಾದ ಬೇರು ಮಣ್ಣು ಬದಲಾಯಿತೆಂದು ತನ್ನ ಆಕಾರ ಬದಲಿಸಿಕೊಳ್ಳುವುದಿಲ್ಲ. ಹೊಸ ತುದಿಗಳು ಹೊರಟರೂ ಅವು ಹಳೆಯ ಉಂಡೆಯ ಅಂಚಿನಲ್ಲೇ ಓಡಾಡಿಕೊಂಡಿರುವ ಸಾಧ್ಯತೆ ಹೆಚ್ಚು. ಇದರ ಜೊತೆಗೆ ಮಣ್ಣಿನ ವ್ಯತ್ಯಾಸವೂ ಸೇರುತ್ತದೆ. ಕೊಟ್ಟೆಯ ಮಿಶ್ರಣ ಮರಳು ಬೆರೆತ ಸಡಿಲ ಮಣ್ಣು, ಗುಂಡಿಯ ಸುತ್ತಲಿನದು ನುಣುಪಾದ, ಜಿಗುಟು ಜಾಸ್ತಿಯಿರುವ ಮಣ್ಣು. ನುಣುಪು ಮಣ್ಣಿಗೆ ನೀರನ್ನು ಎಳೆದು ಹಿಡಿಯುವ ಶಕ್ತಿ ಹೆಚ್ಚು. ಹಾಗಾಗಿ ಮಳೆ ನಿಂತ ಮೇಲೆ ಸಸಿಯ ಉಂಡೆ ಮೊದಲು ಒಣಗುತ್ತದೆ. ಒಂದು ಗೇಣು ಆಚೆಗೆ ತೇವವಿದ್ದರೂ ಅಲ್ಲಿಗೆ ತಲುಪುವ ಬೇರಿರುವುದಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೊರತೆ ಯಾರ ಕಣ್ಣಿಗೂ ಬೀಳುವುದಿಲ್ಲ. ಮಳೆಗಾಲದಲ್ಲಿ ಉಂಡೆಯೂ ಒದ್ದೆ, ಗುಂಡಿಯೂ ಒದ್ದೆ, ಗಾಳಿಯೂ ಒದ್ದೆ. ಬೇರು ಹೊರಟಿದೆಯೋ ಇಲ್ಲವೋ, ಬಳ್ಳಿ ಹಸಿರಾಗಿಯೇ ಇರುತ್ತದೆ, ಒಂದೆರಡು ಎಲೆಯನ್ನೂ ಬಿಡುತ್ತದೆ. ನಾಟಿ ಗೆದ್ದಿತು ಎಂದು ಎಲ್ಲರೂ ತೀರ್ಮಾನಿಸುತ್ತಾರೆ. ಪರೀಕ್ಷೆ ಶುರುವಾಗುವುದು ಸಂಕ್ರಾಂತಿ ಕಳೆದ ಮೇಲೆ. ಫೆಬ್ರವರಿಯ ಒಣಗಾಳಿಗೆ ಎಲೆ ಜೋತುಬೀಳುತ್ತದೆ, ಮಾರ್ಚ್‌ನಲ್ಲಿ ಹಳದಿಯಾಗಿ ಗೆಣ್ಣು ಗೆಣ್ಣಾಗಿ ಉದುರುತ್ತದೆ. ಆಗ ನಾವು ಬಿಸಿಲನ್ನು ಬೈಯುತ್ತೇವೆ, ನೀರು ಬಿಡದ ಆಳನ್ನು ಬೈಯುತ್ತೇವೆ, ಇಲ್ಲವೇ ಸೊರಗು ರೋಗವೆಂದು ಔಷಧಿ ಹೊಯ್ಯುತ್ತೇವೆ. ಬಿಸಿಲೂ ರೋಗವೂ ಸುಳ್ಳೆಂದು ನಾನು ಹೇಳುತ್ತಿಲ್ಲ. ಆದರೆ ಅದೇ ಸಾಲಿನಲ್ಲಿ, ಅದೇ ನೆರಳಿನಲ್ಲಿ, ಅಷ್ಟೇ ನೀರು ಕಂಡ ಪಕ್ಕದ ಬಳ್ಳಿ ಚೆನ್ನಾಗಿದ್ದು ಇದೊಂದು ಸತ್ತಿದ್ದರೆ, ಸತ್ತದ್ದನ್ನು ಕಿತ್ತು ಬುಡ ನೋಡುವುದು ನ್ಯಾಯ. ಎಂಟು ತಿಂಗಳು ನೆಲದಲ್ಲಿದ್ದೂ ಕೊಟ್ಟೆಯ ಆಕಾರದಲ್ಲೇ ಇಡಿಯಾಗಿ ಎದ್ದುಬರುವ ಉಂಡೆ ಸಿಕ್ಕರೆ, ಆ ಸಾವು ನಾಟಿಯ ದಿನವೇ ನಿಶ್ಚಯವಾಗಿತ್ತು ಎಂದರ್ಥ.

ಇನ್ನು ಕತ್ತರಿಸುವುದರ ಬಗ್ಗೆ. ಬೇರು ಮುಟ್ಟಬಾರದೆಂಬ ಎಚ್ಚರಿಕೆ ನಮಗೆ ಬಂದದ್ದು ಬೀಜದಿಂದ ಹುಟ್ಟಿ, ಒಂದೇ ತಾಯಿಬೇರನ್ನು ನಂಬಿ ನಿಲ್ಲುವ ಗಿಡಗಳಿಂದ. ಪಪಾಯಿಯಂಥ ಗಿಡಕ್ಕೆ ಆ ಎಚ್ಚರಿಕೆ ಸರಿ. ಆದರೆ ಬಳ್ಳಿಯ ತುಂಡಿನಿಂದ ಬೆಳೆಸಿದ ಮೆಣಸಿಗೆ ತಾಯಿಬೇರೇ ಇಲ್ಲ. ಫೆಬ್ರವರಿಯಲ್ಲಿ ಅದನ್ನು ಕೊಟ್ಟೆಗೆ ಊರಿದಾಗ ಅದರಲ್ಲಿ ನೆಲದ ಬೇರೆಂಬುದೇ ಇರಲಿಲ್ಲ. ಈಗಿರುವ ಇಡೀ ಬೇರಿನ ಸಂಸಾರ ಗೆಣ್ಣಿನಿಂದ ಹೊಸದಾಗಿ ಹೊರಟದ್ದು. ಬೇರೇ ಇಲ್ಲದ ಸ್ಥಿತಿಯಿಂದ ಎದ್ದುಬಂದ ಬಳ್ಳಿ, ಮೂರರಲ್ಲಿ ಒಂದು ಪಾಲು ಬೇರು ಹೋದರೆ ಸತ್ತೇಹೋಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಅಷ್ಟೇ ಅಲ್ಲ, ತುದಿ ಕತ್ತರಿಸಿದ ಬೇರು ಸುಮ್ಮನೆ ಕೂರುವುದಿಲ್ಲ. ಬೇರಿನ ತುದಿ ಇರುವಷ್ಟು ಕಾಲ ಅದು ತನ್ನ ಹಿಂದಿನ ಕವಲುಗಳನ್ನು ಹತ್ತಿಕ್ಕುತ್ತದೆ. ಕುಡಿ ಚಿವುಟಿದರೆ ಕೆಳಗಿನ ಕಣ್ಣುಗಳು ಚಿಗುರುವಂತೆ, ತುದಿ ಹೋದ ಕೂಡಲೇ ಕತ್ತರಿಸಿದ ಜಾಗದ ಹಿಂದಿನಿಂದ ಹಲವು ಕವಲುಬೇರುಗಳು ಏಳುತ್ತವೆ. ಸುತ್ತಿಕೊಂಡ ಒಂದು ಹಳೆಯ ಬೇರಿನ ಜಾಗದಲ್ಲಿ ಹೊರಮುಖವಾಗಿ ಹೊರಡುವ ಮೂರು ನಾಲ್ಕು ಬಿಳಿ ಬೇರುಗಳು ಸಿಗುತ್ತವೆ. ನಮಗೆ ಬೇಕಾದದ್ದೂ ಅದೇ.

ಇದು ಪುಸ್ತಕದ ತರ್ಕವಷ್ಟೇ ಅಲ್ಲ. ಕಾಫಿ ತೋಟದವರಿಗೆ ಇದು ಹಳೆಯ ರೂಢಿ. ಕಾಫಿ ಸಸಿ ನೆಡುವಾಗ ಕೊಟ್ಟೆಯ ತಳವನ್ನು ಸ್ವಲ್ಪ ಮಣ್ಣಿನ ಸಮೇತ ಕತ್ತರಿಸಿ, ಅಲ್ಲಿ ಸುತ್ತಿಕೊಂಡ ಬೇರಿನ ತುದಿಯನ್ನು ತೆಗೆದುಹಾಕಬೇಕು ಎಂಬುದು ಪ್ಲಾಂಟೇಷನ್ನಿನ ಪ್ರತಿಯೊಬ್ಬ ರೈಟರಿಗೂ ಗೊತ್ತು. ತಾಯಿಬೇರನ್ನೇ ನಂಬಿದ ಕಾಫಿಗೆ ಈ ಶಸ್ತ್ರಕ್ರಿಯೆ ಒಗ್ಗುತ್ತದೆ ಎಂದಾದರೆ, ಗೆಣ್ಣು ಗೆಣ್ಣಿನಲ್ಲೂ ಬೇರು ಬಿಡಬಲ್ಲ ಮೆಣಸಿಗೆ ಒಗ್ಗದೆ ಇರುವುದಕ್ಕೆ ಕಾರಣವಿಲ್ಲ. ಹೊರದೇಶಗಳಲ್ಲಿ ಕುಂಡದಲ್ಲಿ ಬೆಳೆಸಿದ ಮರಗಳ ಮೇಲೆ ಈ ಪ್ರಶ್ನೆಯನ್ನು ದಶಕಗಳಿಂದ ಪರೀಕ್ಷಿಸಿದ್ದಾರೆ. ಅಮೆರಿಕದ ಕಾರ್ಲ್ ವಿಟ್‌ಕಾಂಬ್ 1960ರ ದಶಕದ ಕೊನೆಯಲ್ಲಿ ತಳವಿಲ್ಲದ ಹಾಲಿನ ಡಬ್ಬಿಗಳಲ್ಲಿ ಸಸಿ ಬೆಳೆಸಿ, ತಳದಿಂದ ಹೊರಬಂದ ಬೇರಿನ ತುದಿ ಗಾಳಿಗೆ ಒಣಗಿದರೆ ಒಳಗೆ ಕವಲುಬೇರು ಹೆಚ್ಚುತ್ತದೆ ಎಂದು ತೋರಿಸಿದರು. ಇಂದು ಅರಣ್ಯ ಇಲಾಖೆಯ ನರ್ಸರಿಗಳಲ್ಲಿ ಕಾಣುವ, ಗೆರೆಗಳಿರುವ ತಳತೆರೆದ ರೂಟ್ ಟ್ರೈನರ್‌ಗಳ ಹಿಂದಿರುವುದೂ ಇದೇ ತತ್ವ. ಫ್ಲೋರಿಡಾ ವಿಶ್ವವಿದ್ಯಾಲಯದ ಎಡ್ವರ್ಡ್ ಗಿಲ್ಮನ್ ಮತ್ತು ಸಂಗಡಿಗರು ಕುಂಡದ ಮರಗಳ ಬೇರುಂಡೆಯ ಹೊರಪದರವನ್ನು ಸುತ್ತಲೂ ಕೆತ್ತಿಹಾಕಿ ನೆಟ್ಟು ನೋಡಿದರು. ಹಾಗೆ ಮಾಡಿದಾಗ ಸುತ್ತುಬೇರುಗಳು ಕಡಿಮೆಯಾಗಿ, ಬುಡದಿಂದ ನೇರವಾಗಿ ಹೊರಕ್ಕೆ ಚಾಚಿದ ಬೇರುಗಳು ಹೆಚ್ಚಿದವು. ಗಿಡ ಬೇರೆ, ದೇಶ ಬೇರೆ, ಆದರೆ ಗೋಡೆ ತಾಗಿದ ಬೇರು ಎಲ್ಲೆಡೆ ಒಂದೇ ರೀತಿ ನಡೆದುಕೊಳ್ಳುತ್ತದೆ.

ಹಾಗೆಂದು ಕಂಡ ಕಂಡ ಸಸಿಯ ಬೇರನ್ನೆಲ್ಲ ಕತ್ತರಿಸಿ ಎಂದು ನನ್ನ ವಾದವಲ್ಲ. ಕೊಟ್ಟೆ ಬಿಚ್ಚಿದಾಗ ಬೇರು ಅಲ್ಲಲ್ಲಿ ಬೆಳ್ಳಗೆ ಇಣುಕುತ್ತಿದ್ದು ಮಣ್ಣು ಇನ್ನೂ ಮಣ್ಣಾಗಿಯೇ ಕಾಣುತ್ತಿದ್ದರೆ ಅದು ಸರಿಯಾದ ವಯಸ್ಸಿನ ಸಸಿ, ಉಂಡೆ ಒಡೆಯದೆ ಹಾಗೇ ನೆಡಿ. ತಳದಲ್ಲಿ ಮಾತ್ರ ಸಿಂಬೆ ಕಟ್ಟಿದ್ದು ಪಕ್ಕ ಚೊಕ್ಕವಾಗಿದ್ದರೆ ಆ ಸಿಂಬೆಯಷ್ಟನ್ನು ತೆಗೆದರೆ ಸಾಕು, ಅದೇ ದಿನ ನೆಡಬಹುದು. ಪಕ್ಕದಲ್ಲೂ ಜಾಲ ಹೆಣೆದುಕೊಂಡು, ಮಣ್ಣಿಗಿಂತ ಬೇರೇ ಹೆಚ್ಚು ಕಾಣುತ್ತಿದ್ದರೆ ಅದನ್ನು ಬಿಡಿಸಿ, ಕತ್ತರಿಸಿ, ಹೊಸ ಮಿಶ್ರಣದ ಕೊಟ್ಟೆಗೆ ಏರಿಸಿ, ಬೇರು ಮತ್ತೆ ಹೊರಡುವವರೆಗೆ ನೆರಳಿನಲ್ಲಿಡಬೇಕು. ಬುಡದ ಗೆಣ್ಣಿನ ಹತ್ತಿರವೇ ದಪ್ಪ ಬೇರುಗಳು ಒಂದಕ್ಕೊಂದು ಅಡ್ಡಹಾಯ್ದು ಕಾಂಡವನ್ನು ಬಿಗಿದಿದ್ದರೆ ಅಂಥದನ್ನು ಉಳಿಸಲು ಹೋಗಬೇಡಿ. ಆಗಲೂ ನಷ್ಟವೇನಿಲ್ಲ, ಅದರ ಉದ್ದ ಬಳ್ಳಿ ಆರೋಗ್ಯವಾಗಿದ್ದರೆ ಮೇಲಿನ ಭಾಗವನ್ನು ಎರಡು ಮೂರು ಗೆಣ್ಣುಗಳ ತುಂಡು ಮಾಡಿ ಹೊಸ ಸಸಿಗೆ ಹಾಕಿ, ಬುಡವನ್ನು ಎಸೆಯಿರಿ. ಹಳೆಯ ಸಸಿಯನ್ನು ಸಸಿಯಾಗಿ ಮಾರಲಾಗದ ನರ್ಸರಿಗೂ ಇದು ದಾರಿ.

ಕೆಲಸದ ಕ್ರಮ ಹೀಗೆ. ಹಿಂದಿನ ದಿನ ಕೊಟ್ಟೆಗೆ ಚೆನ್ನಾಗಿ ನೀರು ಕೊಡಿ. ಒಣ ಉಂಡೆಯನ್ನು ಬಿಡಿಸಲು ಹೋದರೆ ಬೇಕಾದ ಎಳೆಬೇರೂ ತುಂಡಾಗುತ್ತದೆ. ಬಳ್ಳಿ ಹಿಡಿದು ಎಳೆಯಬೇಡಿ. ಕೊಟ್ಟೆಯನ್ನು ಅಡ್ಡ ಮಲಗಿಸಿ, ಬ್ಲೇಡಿನಿಂದ ಮೇಲಿಂದ ಕೆಳಗೆ ಸೀಳಿ, ಪ್ಲಾಸ್ಟಿಕ್ಕನ್ನು ಸುಲಿಯಿರಿ. ತಳದ ಸಿಂಬೆಯನ್ನು ಹರಿತವಾದ ಕತ್ತಿಯಿಂದ ಒಂದು ಅಂಗುಲದಷ್ಟು ಒಂದೇ ಏಟಿಗೆ ಕತ್ತರಿಸಿ. ಮೊಂಡು ಕತ್ತಿಯಿಂದ ಗರಗಸದಂತೆ ಎಳೆದರೆ ಬೇರು ಜಜ್ಜಿ ಕೊಳೆಯುತ್ತದೆ. ಆಮೇಲೆ ಉಂಡೆಯ ಪಕ್ಕದಲ್ಲಿ ಮೂರು ನಾಲ್ಕು ಕಡೆ ಮೇಲಿಂದ ಕೆಳಕ್ಕೆ ಅರ್ಧ ಅಂಗುಲ ಆಳದ ಗೀರು ಹಾಕಿ. ಇಷ್ಟರಿಂದಲೇ ಸುತ್ತು ಹಾಕಿದ ಪ್ರತಿ ಬೇರೂ ಒಂದೊಂದು ಕಡೆ ತುಂಡಾಗಿರುತ್ತದೆ. ಬೆರಳಿನಿಂದ ಹೊರಪದರವನ್ನು ಮೆಲ್ಲಗೆ ಬಿಡಿಸಿ, ಜೋತುಬಿದ್ದ ಉದ್ದ ಬೇರುಗಳನ್ನು ಕತ್ತರಿಯಿಂದ ಸವರಿ. ಒಟ್ಟಾರೆ ತೆಗೆದದ್ದು ಬೇರಿನ ಮೂರನೇ ಒಂದು ಭಾಗ ಮೀರದಿರಲಿ. ಮಾರುದ್ದದ ಬಳ್ಳಿಯನ್ನೂ ಹಾಗೇ ಬಿಡಬೇಡಿ. ಕಡಿಮೆಯಾದ ಬೇರು ಅಷ್ಟೂ ಎಲೆಗೆ ನೀರು ಒದಗಿಸಲಾರದು. ನಾಲ್ಕೈದು ಗೆಣ್ಣು ಉಳಿಸಿ ಮೇಲಿನದನ್ನು ತೆಗೆಯಿರಿ, ಆದರೆ ಎಲೆಗಳನ್ನು ಪೂರ್ತಿ ಬೋಳಿಸಬೇಡಿ. ಹೊಸ ಬೇರು ಬಿಡುವುದಕ್ಕೆ ಬೇಕಾದ ಆಹಾರ ಎಲೆಯಿಂದಲೇ ಬರಬೇಕು. ಹೊಸ ಕೊಟ್ಟೆಗೆ ಏರಿಸುವಾಗ ಒಂದು ಗೆಣ್ಣು ಹೆಚ್ಚಾಗಿ ಮಣ್ಣಿನೊಳಗೆ ಹೋಗುವ ಹಾಗೆ ಇಳಿಸಿ. ಆ ಗೆಣ್ಣಿನಿಂದಲೂ ಬೇರು ಹೊರಡುತ್ತದೆ. ಮೂರು ನಾಲ್ಕು ವಾರ ದಟ್ಟ ನೆರಳು, ತೇವದ ಗಾಳಿ ಸಿಕ್ಕರೆ ಸಾಕು. ಕೆಲವು ತೋಟಗಳಲ್ಲಿ ಕೊಟ್ಟೆಯ ತಳ ಮಾತ್ರ ಸೀಳಿ ಪ್ಲಾಸ್ಟಿಕ್ ಸಮೇತ ಗುಂಡಿಗೆ ಇಳಿಸುವ ರೂಢಿಯಿದೆ. ದಯವಿಟ್ಟು ಅದನ್ನು ನಿಲ್ಲಿಸಿ. ಬೇರಿಗೆ ಸುತ್ತಲು ಕಲಿಸಿದ ಗೋಡೆಯನ್ನೇ ಅದರ ಜೊತೆ ಹೂತಂತಾಗುತ್ತದೆ.

ಈಗ ಆಕ್ಷೇಪಗಳಿಗೆ ಬರುತ್ತೇನೆ. ಮೊದಲನೆಯದು, ಅತ್ಯಂತ ಗಂಭೀರವಾದದ್ದು: ಬೇರಿಗೆ ಗಾಯವಾದರೆ ಸೊರಗು ರೋಗಕ್ಕೆ ಬಾಗಿಲು ತೆರೆದಂತಲ್ಲವೇ? ಶೀಘ್ರ ಸೊರಗು ರೋಗ ತರುವ ಫೈಟೋಫ್ತೋರಾದ ಬೀಜಾಣುಗಳು ಮಳೆಗಾಲದ ನೀರಿನಲ್ಲಿ ಈಜಿಕೊಂಡು ಬೇರನ್ನು ಹುಡುಕುತ್ತವೆ ಎಂಬುದು ನಿಜ. ಗಾಯದಿಂದ ಒಸರುವ ರಸ ಅವುಗಳನ್ನು ಸೆಳೆಯುತ್ತದೆ ಎಂಬುದೂ ನಿಜ. ಆದರೆ ಎರಡು ಸಂಗತಿ ಗಮನಿಸಿ. ಈ ರೋಗಾಣುವಿಗೆ ಗಾಯವೇ ಬೇಕೆಂದಿಲ್ಲ, ಗಾಯವಿಲ್ಲದ ಎಳೆಬೇರಿನ ಮೂಲಕವೂ ಅದು ಒಳನುಗ್ಗುತ್ತದೆ. ಆದ್ದರಿಂದ ಕತ್ತರಿಸದಿದ್ದ ಮಾತ್ರಕ್ಕೆ ಸಸಿ ಸುರಕ್ಷಿತವಲ್ಲ. ಎರಡನೆಯದಾಗಿ, ಅಪಾಯವಿರುವುದು ಹಸಿ ಗಾಯವನ್ನು ಸೋಂಕಿರುವ ಒದ್ದೆ ಮಣ್ಣಿಗೆ ಒಯ್ಯುವುದರಲ್ಲಿ. ಆರಿದ್ರಾ, ಪುನರ್ವಸು ಮಳೆಯ ಅಬ್ಬರದಲ್ಲಿ ತೋಟದೊಳಗೆ ಕೂತು ಬೇರು ಕತ್ತರಿಸಿ ಅಲ್ಲೇ ಹೂಳಿದರೆ ಆಕ್ಷೇಪ ಸರಿಯಾಗುತ್ತದೆ. ಹಾಗಾಗಿಯೇ ಏಪ್ರಿಲ್ ಕೊನೆ, ಮೇ ಮೊದಲ ವಾರಗಳಲ್ಲಿ, ಬಿಸಿಲಿಗೆ ಪ್ಲಾಸ್ಟಿಕ್ ಹೊದಿಸಿ ಕಾಯಿಸಿದ ಮಿಶ್ರಣಕ್ಕೆ, ಟ್ರೈಕೋಡರ್ಮಾ ಬೆರೆಸಿ ಏರಿಸಿ ಎಂದು ಹೇಳುತ್ತಿದ್ದೇನೆ. ಕತ್ತಿಯನ್ನು ಆಗಾಗ ಸ್ಪಿರಿಟ್‌ನಲ್ಲಿ ಒರೆಸಿಕೊಳ್ಳಿ. ಮಳೆ ಹಿಡಿಯುವ ಹೊತ್ತಿಗೆ ಗಾಯ ಮಾಗಿ, ಹೊಸ ಬೇರು ಮೂಡಿ, ಉಪಕಾರಿ ಶಿಲೀಂಧ್ರ ಬೇರಿನ ಸುತ್ತ ನೆಲೆಯೂರಿರುತ್ತದೆ. ಮಳೆಗಾಲದಲ್ಲಿ ಬುಡಕ್ಕೆ ನೀರು ನಿಲ್ಲದ ಹಾಗೆ ಬಸಿಗಾಲುವೆ, ಬೋರ್ಡೋ ಸಿಂಪಡಣೆ ಇವೆಲ್ಲ ಎಂದಿನಂತೆ ಬೇಕೇ ಬೇಕು. ಟ್ರೈಕೋಡರ್ಮಾ ಹಾಕಿದ ಬುಡಕ್ಕೆ ಮಾತ್ರ ಕೂಡಲೇ ತಾಮ್ರದ ದ್ರಾವಣ ಹೊಯ್ದು ಮಾಡಿದ್ದನ್ನು ನೀವೇ ಅಳಿಸಬೇಡಿ.

ರೋಗದ ಮಾತು ಬಂದದ್ದರಿಂದ ಇನ್ನೊಂದು ಲಾಭವನ್ನೂ ಹೇಳಬೇಕು. ಬೇರು ಬಿಡಿಸಿ ನೋಡುವವನಿಗೆ ಮಾತ್ರ ಕಾಣುವ ರೋಗವೊಂದಿದೆ. ನಿಧಾನ ಸೊರಗು ರೋಗಕ್ಕೆ ಮುಖ್ಯ ಕಾರಣವಾದ ಜಂತುಹುಳುಗಳು ಎಷ್ಟೋ ಸಲ ತೋಟಕ್ಕೆ ಬರುವುದೇ ನರ್ಸರಿಯ ಕೊಟ್ಟೆಯ ಮೂಲಕ. ಗಂಟುಬೇರಿನ ಜಂತುಹುಳು ಇದ್ದರೆ ಎಳೆಬೇರಿನ ಮೇಲೆ ಸಾಸಿವೆಯಿಂದ ಜೋಳದ ಗಾತ್ರದವರೆಗಿನ ಉಬ್ಬುಗಳು ಕಾಣುತ್ತವೆ. ಬೇರು ಕೊರೆಯುವ ಇನ್ನೊಂದು ಜಾತಿಯದಾದರೆ ಬಿಳಿ ಬೇರಿನ ಮೇಲೆ ಕಿತ್ತಳೆ, ನೇರಳೆ ಬಣ್ಣದ ಮಚ್ಚೆಗಳು ಮೂಡಿ ಆಮೇಲೆ ಕೊಳೆಯುತ್ತವೆ. ಕೊಟ್ಟೆಯಲ್ಲಿ ಒಂದು ವರ್ಷ ಕಳೆದ ಸಸಿಯಲ್ಲಿ ಇವು ಹೆಚ್ಚಿಕೊಳ್ಳಲು ಬೇಕಾದಷ್ಟು ಸಮಯ ಸಿಕ್ಕಿರುತ್ತದೆ. ಎಲೆ ನೋಡಿ ಇದನ್ನು ಕಂಡುಹಿಡಿಯಲಾಗದು. ಗೊಬ್ಬರ ಕೊಟ್ಟು ಎಲೆಯನ್ನು ಹಸಿರಾಗಿಟ್ಟಿರಬಹುದು. ಉಂಡೆ ಮುಟ್ಟದೆ ನೆಡುವವನು ಜಂತುಹುಳುವನ್ನೂ ಜೊತೆಗೇ ನೆಡುತ್ತಾನೆ. ಒಮ್ಮೆ ತೋಟದ ಮಣ್ಣಿಗೆ ಸೇರಿದರೆ ಅದು ಮತ್ತೆ ಹೋಗುವ ನೆಂಟನಲ್ಲ. ಬೇರು ಸವರುವ ಕೆಲಸ ಸಸಿಯ ತಪಾಸಣೆಯೂ ಹೌದು. ಗಂಟು ಕಂಡ ಸಸಿಯನ್ನು ಮಣ್ಣಿನ ಸಮೇತ ತೋಟದಿಂದ ದೂರ ಸುಟ್ಟುಹಾಕಬೇಕು.

ಎರಡನೆಯ ಆಕ್ಷೇಪ ಹಿರಿಯರದು: ನಮ್ಮ ಕಾಲದಲ್ಲಿ ಕೊಟ್ಟೆಯೂ ಇರಲಿಲ್ಲ, ಬೇರು ಸವರುವುದೂ ಇರಲಿಲ್ಲ, ಮಳೆ ಹಿಡಿದಾಗ ಹಬ್ಬುಬಳ್ಳಿ ತಂದು ಮರದ ಬುಡಕ್ಕೆ ಊರಿ ದರಗು ಮುಚ್ಚಿದರೆ ಹತ್ತಿಕೊಳ್ಳುತ್ತಿತ್ತು. ಈ ಮಾತು ನನ್ನ ವಾದಕ್ಕೇ ಬಲ ಕೊಡುತ್ತದೆ. ಹಾಗೆ ಊರಿದ ಬಳ್ಳಿಯ ಮೊದಲ ಬೇರು ಹೊರಟದ್ದೇ ತೋಟದ ಮಣ್ಣಿಗೆ. ಅದು ಗೋಡೆಯನ್ನು ಕಾಣಲಿಲ್ಲ, ಸುತ್ತಿಕೊಳ್ಳಲೂ ಇಲ್ಲ. ಆ ಪದ್ಧತಿಯಲ್ಲಿ ಹತ್ತಿಕೊಳ್ಳದೆ ಹೋಗುತ್ತಿದ್ದವು ಬಹಳ, ಹಾಗಾಗಿ ಕೊಟ್ಟೆ ಸಸಿ ಬಂತು. ಕೊಟ್ಟೆ ಸಸಿ ಒಂದು ಸಮಸ್ಯೆ ನೀಗಿಸಿ ಇನ್ನೊಂದನ್ನು ತಂದಿತು; ಎರಡನೆಯದಕ್ಕೆ ಪರಿಹಾರ ಕತ್ತರಿ. ಇದೇ ಜಾತಿಯ ಇನ್ನೊಂದು ಮಾತಿದೆ: ಹೋದ ಸಲ ಹಳೇ ಸಸಿಯನ್ನು ಹಾಗೇ ನೆಟ್ಟೆವು, ಬದುಕಿವೆಯಲ್ಲ? ಬದುಕಿರುತ್ತವೆ. ಮೆಣಸಿನ ಬಳ್ಳಿ ಮೊಂಡು. ಆಳವಾಗಿ ನೆಟ್ಟಿದ್ದರೆ ಮಣ್ಣಿನೊಳಗೆ ಹೋದ ಮೇಲಿನ ಗೆಣ್ಣಿನಿಂದ ಹೊಸ ಬೇರು ಬಿಟ್ಟು, ಹಳೆಯ ಉಂಡೆಯನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ಹೊಸ ಸಂಸಾರ ಹೂಡುತ್ತದೆ. ಹಾಗೆ ಪಾರಾದವನ್ನು ನಾವು ನೆನಪಿಟ್ಟುಕೊಳ್ಳುತ್ತೇವೆ, ಸತ್ತವನ್ನು ಬೇಸಿಗೆಯ ಲೆಕ್ಕಕ್ಕೆ ಹಾಕುತ್ತೇವೆ. ಒಂದೇ ವರ್ಷ ನೆಟ್ಟ ಸಾಲಿನಲ್ಲಿ ಒಂದು ಬಳ್ಳಿ ಮರದ ಅರ್ಧ ಏರಿ ಇನ್ನೊಂದು ಸೊಂಟದೆತ್ತರದಲ್ಲೇ ನಿಂತಿರುವ ತೋಟ ಯಾರೂ ನೋಡದ್ದಲ್ಲ. ತಳಿ, ನೆರಳು, ಮಣ್ಣು ಎಲ್ಲ ಒಂದೇ ಆಗಿದ್ದಾಗ ಈ ಏರುಪೇರಿಗೆ ಬೇರಿನ ಹೊರತು ಬೇರೆ ಕಾರಣ ಹುಡುಕುವುದು ಕಷ್ಟ.

ಮೂರನೆಯದು ಖರ್ಚಿನ ಮಾತು. ಆಳು ಸಿಗದ ಕಾಲ, ಕೂಲಿ ಏರಿದ ಕಾಲ, ಸಸಿಯೊಂದಕ್ಕೆ ಇಷ್ಟು ಕೈಕೆಲಸ ಯಾರು ಮಾಡುತ್ತಾರೆ? ಪ್ರಶ್ನೆ ನ್ಯಾಯವಾದದ್ದೇ. ಆದರೆ ನಾಟಿಯ ದಿನದ ಗಡಿಬಿಡಿಯಲ್ಲಿ ಮಾಡಬೇಕಾದ ಕೆಲಸ ಇದಲ್ಲ. ಕಾಫಿ, ಮೆಣಸಿನ ಕೊಯ್ಲು ಮುಗಿದು ಮಳೆ ಬರುವ ಮುಂಚೆ, ನೆರಳಿನಲ್ಲಿ ಕೂತು ಮಾಡುವ ಕೆಲಸ. ಕೈ ಪಳಗಿದರೆ ಸಸಿಯೊಂದಕ್ಕೆ ಕೆಲವೇ ನಿಮಿಷ. ಇನ್ನೊಂದು ಪಕ್ಕದ ಲೆಕ್ಕ ನೋಡಿ. ಮೆಣಸು ಫಸಲು ಕೊಡತೊಡಗುವುದು ನೆಟ್ಟ ಮೂರನೇ ವರ್ಷಕ್ಕೆ, ಪೂರ್ತಿ ಫಸಲಿಗೆ ಏಳೆಂಟು ವರ್ಷ. ಮಾರ್ಚ್‌ನಲ್ಲಿ ಸತ್ತ ಸಸಿಯ ಜಾಗಕ್ಕೆ ಜೂನ್‌ನಲ್ಲಿ ಇನ್ನೊಂದು ನೆಟ್ಟರೆ ಹೋದದ್ದು ಸಸಿಯ ಬೆಲೆಯಷ್ಟೇ ಅಲ್ಲ. ಗುಂಡಿ, ಗೊಬ್ಬರ, ಒಂದು ವರ್ಷದ ಕಳೆ, ಒಂದು ವರ್ಷದ ಔಷಧಿ ಎಲ್ಲವೂ ಹೋದಂತೆ, ಆ ಮರದ ಫಸಲು ಒಂದು ವರ್ಷ ಹಿಂದೆ ಬಿದ್ದಂತೆ. ಬದುಕಿಯೂ ಬೆಳೆಯದ ಬಳ್ಳಿಯಾದರೆ ನಷ್ಟ ಇನ್ನೂ ಹೆಚ್ಚು, ಯಾಕೆಂದರೆ ಅದನ್ನು ಕಿತ್ತುಹಾಕುವ ಮನಸ್ಸೂ ಬರುವುದಿಲ್ಲ. ಕೆಲವು ನಿಮಿಷದ ಕೂಲಿಯನ್ನು ಇದರ ಎದುರು ತೂಗಿದರೆ ತಕ್ಕಡಿ ಯಾವ ಕಡೆ ಬಾಗುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ನರ್ಸರಿ ಮಿತ್ರರೇ, ಈ ಹೊರೆಯನ್ನು ಪೂರ್ತಿ ಬೆಳೆಗಾರನ ತಲೆಗೆ ಹಾಕುವುದು ಸರಿಯಲ್ಲ. ದೇಶದಲ್ಲಿ ಅತಿ ಹೆಚ್ಚು ಮೆಣಸು ಬೆಳೆಯುವ ರಾಜ್ಯ ಇಂದು ಕರ್ನಾಟಕ. ಅದರ ಹಿಂದೆ ನಿಮ್ಮ ಸಸಿಗಳಿವೆ. ಉಳಿದ ಸಸಿಯನ್ನು ಎಸೆಯಿರಿ ಎಂದು ನಾನು ಹೇಳುತ್ತಿಲ್ಲ, ಹಾಗೆ ಹೇಳುವುದು ನಿಮ್ಮ ಹೊಟ್ಟೆಯ ಮೇಲೆ ಹೊಡೆದಂತೆ. ಏಪ್ರಿಲ್‌ನಲ್ಲಿ ಬೇರು ಸವರಿ, ಮಿಶ್ರಣ ಬದಲಿಸಿ, ಅದನ್ನೇ ಹೇಳಿ ಮಾರಿ. ಆ ಕೂಲಿಯನ್ನು ಬೆಲೆಗೆ ಸೇರಿಸಿದರೂ ತಿಳಿದವರು ಕೊಡುತ್ತಾರೆ. ಹೊಸ ಸಸಿಗಳಿಗೆ ಈ ಗತಿ ಬರದಂತೆ ಕೊಟ್ಟೆಗಳನ್ನು ನೆಲಕ್ಕೆ ತಾಗಿಸದೆ ತಂತಿಬಲೆಯ ಅಟ್ಟಣೆಯ ಮೇಲಿಟ್ಟರೆ ತಳದಿಂದ ಹೊರಬಂದ ತುದಿ ಗಾಳಿಗೆ ತಾನೇ ಒಣಗುತ್ತದೆ. ಎಲ್ಲಕ್ಕಿಂತ ಮೊದಲು ಬೇಕಾದದ್ದು, ಖರ್ಚೇ ಇಲ್ಲದ್ದು ಒಂದಿದೆ: ಕೊಟ್ಟೆಗೆ ತುಂಡು ಊರಿದ ತಿಂಗಳು, ವರ್ಷವನ್ನು ಪ್ರತಿ ಮಡಿಯ ಫಲಕದ ಮೇಲೆ ಬರೆಯಿರಿ. ಪಣಿಯೂರು–1 ಎಂದೋ ಕರಿಮುಂಡ ಎಂದೋ ತಳಿಯ ಹೆಸರು ಬರೆಯುವ ಫಲಕದಲ್ಲಿ ವಯಸ್ಸಿಗೂ ಜಾಗವಿದೆ.

ಬೆಳೆಗಾರ ಬಂಧುಗಳೇ, ನಿಮ್ಮಿಂದ ಕೇಳುವುದು ಎರಡು. ಸಸಿ ಕೊಳ್ಳುವ ಮುಂಚೆ ರಾಶಿಯಿಂದ ನೀವೇ ಆರಿಸಿದ ಒಂದು ಕೊಟ್ಟೆಗೆ ದುಡ್ಡು ಕೊಟ್ಟು, ಅಲ್ಲೇ ಸೀಳಿ ಬೇರು ನೋಡಿ. ಹಾಗೆ ನೋಡಲು ಬಿಡದ ನರ್ಸರಿಯಿಂದ ಕೊಳ್ಳಬೇಡಿ. ಎರಡನೆಯದು, ನನ್ನ ಮಾತನ್ನು ನಂಬಿ ಎಲ್ಲವನ್ನೂ ಬದಲಿಸಬೇಡಿ, ಪರೀಕ್ಷಿಸಿ. ಈ ಮಳೆಗಾಲದಲ್ಲಿ ಒಂದೇ ಸಾಲಿನ ಇಪ್ಪತ್ತು ಮರಗಳ ಬುಡಕ್ಕೆ ಒಂದು ಬಿಟ್ಟು ಒಂದರಂತೆ, ಬೇರು ಸವರಿದ ಸಸಿ ಹತ್ತು, ಹಾಗೇ ಬಿಟ್ಟದ್ದು ಹತ್ತು ನೆಡಿ. ಮರಕ್ಕೆ ಬಣ್ಣದ ಗುರುತು ಹಾಕಿ, ಗೊಬ್ಬರ, ನೀರು, ಔಷಧಿ ಎರಡಕ್ಕೂ ಒಂದೇ ಕೊಡಿ. ಯುಗಾದಿಯ ಹೊತ್ತಿಗೆ ಉಳಿದದ್ದೆಷ್ಟು, ಏರಿದ್ದೆಷ್ಟು ಎಂದು ಬರೆದಿಡಿ. ಸತ್ತ ಪ್ರತಿಯೊಂದನ್ನೂ ಕಿತ್ತು ಉಂಡೆ ನೋಡಿ. ಆ ಲೆಕ್ಕವನ್ನು ನಿಮ್ಮೂರಿನ ಬೆಳೆಗಾರರ ಸಂಘದ ಸಭೆಯಲ್ಲಿ ಓದಿ. ಹತ್ತು ಊರಿನ ಹತ್ತು ಲೆಕ್ಕ ಒಟ್ಟಾದರೆ ಅಪ್ಪಂಗಳ, ಮೂಡಿಗೆರೆಯ ಸಂಶೋಧನಾ ಕೇಂದ್ರದವರ ಮುಂದಿಟ್ಟು, ಉಳಿದ ಸಸಿಯ ನಿರ್ವಹಣೆಗೆ ಸ್ಪಷ್ಟ ಶಿಫಾರಸು ಕೊಡಿ ಎಂದು ಕೇಳುವ ಹಕ್ಕು ನಮಗೆ ಬರುತ್ತದೆ. ನನ್ನ ವಾದ ತಪ್ಪಾಗಿದ್ದರೆ ಆ ಇಪ್ಪತ್ತು ಬಳ್ಳಿಗಳೇ ತೋರಿಸಿಕೊಡುತ್ತವೆ, ನಿಮಗಾಗುವ ನಷ್ಟ ಒಂದು ಬೆಳಗಿನ ಕೆಲಸ. ಸರಿಯಾಗಿದ್ದರೆ, ಮುಂದಿನ ವರ್ಷ ಸತ್ತ ಸಸಿಯ ಜಾಗ ತುಂಬಿಸಲು ನೀವು ಮತ್ತೆ ಸಾಲು ನಿಲ್ಲಬೇಕಾಗಿಲ್ಲ.

ಇಂತಿ ವಿಶ್ವಾಸಪೂರ್ವಕ,
ನಿಮ್ಮೊಬ್ಬ ಹಿತೈಷಿ